ಬಾಡಿಗೆಯವರು ಖಾಲಿ ಮಾಡಿದರು, ಮನೆ ಹಾಳಾಗಿದೆ. ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಳ್ಳಬಹುದು?

ಹಾಸನದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ನಮ್ಮದೊಂದು ಮನೆ ಇದೆ, ಕೆಳಗೊಂದು ಮೇಲೊಂದು. 2012ರಲ್ಲಿ ಅಪ್ಪ ಕಟ್ಟಿಸಿದ್ದು. ನಾವಿರುವುದು ಹಾಸನದಲ್ಲಿ, ಹಾಗಾಗಿ ಎರಡನ್ನೂ ಬಾಡಿಗೆಗೆ ಕೊಟ್ಟಿದ್ದೇವೆ. ಮೇಲಿನ ಮನೆಯಲ್ಲಿ ಗಂಡ, ಹೆಂಡತಿ, ಒಂದು ಮಗು ಇದ್ದರು. ಮೂರು ವರ್ಷ ಎರಡು ತಿಂಗಳು ಇದ್ದರು. ಬಾಡಿಗೆ 18,000, ಅಡ್ವಾನ್ಸ್ 1,20,000. ಬಾಡಿಗೆ ವಿಷಯದಲ್ಲಿ ಒಂದು ದಿನವೂ ತಕರಾರಿಲ್ಲ, 5ನೇ ತಾರೀಕಿಗೆ ಬಂದುಬಿಡುತ್ತಿತ್ತು. ಹೋದ ಭಾನುವಾರ ಖಾಲಿ ಮಾಡಿದರು.

ಬೀಗ ತೆಗೆದು ಒಳಗೆ ಹೋದೆ ನೋಡಿ, ತಲೆ ಕೆಟ್ಟುಹೋಯಿತು. ಅಡುಗೆಮನೆಯಲ್ಲಿ ಸಿಂಕ್ ಕೆಳಗಿನ ಪ್ಲೈವುಡ್ ಬಾಗಿಲುಗಳು ನೀರು ಕುಡಿದು ಹಪ್ಪಳದ ಹಾಗೆ ಉಬ್ಬಿವೆ. ಸಿಂಕ್ ಪಕ್ಕ ಗ್ರಾನೈಟ್ ಕಟ್ಟೆಯಲ್ಲಿ ಬಿರುಕು. ಬಾತ್‌ರೂಮ್ ಬಾಗಿಲಿನ ಕೆಳಗಿನ ಒಂದು ಗೇಣು ಕೊಳೆತಿದೆ. ಹಾಲ್ ಗೋಡೆಯಲ್ಲಿ ಟಿವಿಗೆ ಕೊರೆದ ಆರು ತೂತು, ಮಗು ಕ್ರೆಯಾನ್‌ನಲ್ಲಿ ಬರೆದ ರೈಲು, ದೇವರ ಗೂಡಿನ ಮೇಲೆ ದೀಪದ ಮಸಿ. ಎಲ್ಲಕ್ಕಿಂತ ದೊಡ್ಡದು ಬಾತ್‌ರೂಮ್. ಅದರ ಕೆಳಗೆ, ಅಂದರೆ ಕೆಳಮನೆಯವರ ಸೀಲಿಂಗ್‌ನಲ್ಲಿ, ಒಂದು ಚಾಪೆಯಷ್ಟು ಜಾಗ ಒದ್ದೆ ಹಿಡಿದು ಬಣ್ಣ ಉದುರುತ್ತಿದೆ.

ಪರಿಚಯದ ಕಂಟ್ರಾಕ್ಟರ್ ಬಂದು ನೋಡಿ 1,38,000 ಅಂತ ಬರೆದುಕೊಟ್ಟ. ಬಾತ್‌ರೂಮ್ ಟೈಲ್ಸ್ ಪೂರ್ತಿ ಕಿತ್ತು ವಾಟರ್‌ಪ್ರೂಫಿಂಗ್ 65,000. ಅಡುಗೆಮನೆ ಬಾಗಿಲು, ಒಳಗಿನ ಪೆಟ್ಟಿಗೆ ಎಲ್ಲ ಹೊಸದು 38,000. ಪೇಂಟಿಂಗ್ 22,000. ಬಾಗಿಲು 8,000. ಇತರೆ 5,000. ಅಂದರೆ ಅಡ್ವಾನ್ಸ್ ಪೂರ್ತಿ ಹಿಡಿದರೂ ಸಾಲುವುದಿಲ್ಲ!

ಅವರು ದಿನಾ ಫೋನ್ ಮಾಡಿ "ಹೊಸ ಮನೆಗೆ ಸಾಲ ಮಾಡಿ ಕಟ್ಟಿದ್ದೀವಿ ಅಂಕಲ್, ನಮ್ಮ ದುಡ್ಡು ಹಾಕಿಬಿಡಿ" ಅನ್ನುತ್ತಿದ್ದಾರೆ. 11 ತಿಂಗಳ ಅಗ್ರಿಮೆಂಟ್ ಇತ್ತು, ಒಂದು ಸಲ ಮಾತ್ರ ಹೊಸದು ಮಾಡಿಸಿದ್ದು, ಆಮೇಲೆ ಹಾಗೇ ಮುಂದುವರಿಯಿತು. ಅದರಲ್ಲಿ "ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಕಡಿತ" ಅಂತ ಇದೆ. "ಮನೆಗೆ ಹಾನಿಯಾದರೆ ಬಾಡಿಗೆದಾರರೇ ಭರಿಸಬೇಕು" ಅಂತಲೂ ಇದೆ.

ಪೂರ್ತಿ ಹಿಡಿದುಕೊಳ್ಳಬಹುದಾ? ಹಿಡಿದರೆ ಅವರು ಕೋರ್ಟ್‌ಗೆ ಹೋಗುತ್ತಾರಾ? ಅನುಭವ ಇರುವವರು ಹೇಳಿ.

ಕಾಟನ್‌ಪೇಟೆ ಕಿಟ್ಟಿ

ಇದರಲ್ಲಿ ಕೇಳೋದೇನಿದೆ ಗುರು? ಪೂರ್ತಿ ಹಿಡ್ಕೊಳ್ಳಿ. ಫೋನ್ ತೆಗೀಬೇಡಿ. ಎರಡು ತಿಂಗಳು ಓಡಾಡಿ ಸುಮ್ಮನಾಗ್ತಾರೆ. ಕೋರ್ಟ್‌ಗೆ ಹೋಗೋಕೆ ಯಾರಿಗಿದೆ ಪುರುಸೊತ್ತು.

ಮೂರು ಮನೆ ಮಾಲೀಕ

ಕಿಟ್ಟಿಯವರ ಮಾತು ಕೇಳಬೇಡಿ ಸರ್. ನಾನೂ ವಿಜಯನಗರದಲ್ಲಿ 17 ವರ್ಷದಿಂದ ಬಾಡಿಗೆಗೆ ಕೊಡುತ್ತಿದ್ದೇನೆ. ಫೋನ್ ತೆಗೆಯದ ಓನರ್ ಅಂತ ಬೀದಿಯಲ್ಲಿ ಒಂದು ಸಲ ಹೆಸರು ಬಿದ್ದರೆ ಬ್ರೋಕರ್ ಕೂಡ ಒಳ್ಳೆ ಪಾರ್ಟಿ ಕರಕೊಂಡು ಬರುವುದಿಲ್ಲ.

ಮೊದಲು ಆ ಕಂಟ್ರಾಕ್ಟರ್ ಪಟ್ಟಿಯನ್ನು ಪಕ್ಕಕ್ಕಿಡಿ. ಅದು ಮನೆಯನ್ನು ಹೊಸದು ಮಾಡುವ ಪಟ್ಟಿ, ಬಾಡಿಗೆಯವರು ಕೆಡಿಸಿದ್ದರ ಪಟ್ಟಿ ಅಲ್ಲ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ನೀವೇ ಒಂದು ಕಾಗದ ತಗೊಂಡು ಒಂದೊಂದೇ ಐಟಂ ಬರೆಯಿರಿ. ಪಕ್ಕದಲ್ಲಿ ಅದು ಎಷ್ಟು ವರ್ಷದ್ದು, ಸವೆದದ್ದಾ ಕೆಡಿಸಿದ್ದಾ, ಅಂತ ಬರೆಯಿರಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪೇಂಟಿಂಗ್ ನೋಡಿ. ಅಗ್ರಿಮೆಂಟ್ ಪ್ರಕಾರ 18,000 ಹಿಡಿಯುತ್ತೀರಿ. ಕಂಟ್ರಾಕ್ಟರ್ ಪಟ್ಟಿಯಲ್ಲಿ ಮತ್ತೆ 22,000 ಇದೆ. ಒಂದೇ ಗೋಡೆಗೆ ಎರಡು ಸಲ ದುಡ್ಡು ತಗೊಳ್ಳೋಕಾಗುತ್ತಾ? ಆ 18,000ದಲ್ಲೇ ಕ್ರೆಯಾನ್ ರೈಲು, ದೇವರ ಗೂಡಿನ ಮಸಿ, ಟಿವಿ ತೂತು ಎಲ್ಲ ಮುಗಿಯಬೇಕು. ಮೂರು ವರ್ಷ ಮನೆಯಲ್ಲಿ ಜನ ಇದ್ದರೆ ಗೋಡೆ ಕೊಳೆಯಾಗುತ್ತದೆ. ದೀಪ ಹಚ್ಚದ ಬಾಡಿಗೆಯವರು ಬೇಕು ಅಂತ ನೀವು ಕೇಳಿರಲಿಲ್ಲ ಅಲ್ವಾ? (ಮಸಿ ಇರುವ ಕಡೆ ನೇರವಾಗಿ ಬಣ್ಣ ಹೊಡೆಸಬೇಡಿ. ಉಜ್ಜಿ ತೊಳೆದು ಒಂದು ಕೋಟ್ ಪ್ರೈಮರ್ ಹೊಡೆಸಿ, ಇಲ್ಲದಿದ್ದರೆ ಹಳದಿ ಮೇಲೆದ್ದು ಬರುತ್ತದೆ.)

ಪ್ಲೈವುಡ್ 2012ರದ್ದು ಅಂದಿರಿ. ಅದನ್ನು ಕಿತ್ತು ಹೊಸದು ಹಾಕಿಸಿ ಅದರ ಪೂರ್ತಿ ದುಡ್ಡು ಅವರ ಹತ್ತಿರ ಕೇಳುವುದು ನ್ಯಾಯ ಅಲ್ಲ. ಹಳೇ ಸ್ಕೂಟರ್‌ಗೆ ಗುದ್ದಿದವನ ಹತ್ತಿರ ಹೊಸ ಸ್ಕೂಟರ್ ಕೇಳಿದ ಹಾಗೆ. ಉಬ್ಬಿರುವುದು ಸಿಂಕ್ ಕೆಳಗಿನ ಎರಡು ಬಾಗಿಲು ಮಾತ್ರ ಆದರೆ ಎರಡೇ ಬಾಗಿಲಿನ ಲೆಕ್ಕ ಹಾಕಿ. ಅದೂ ಯಾಕೆ ಉಬ್ಬಿತು ನೋಡಿ. ಅವರು ವಾಟರ್ ಫಿಲ್ಟರ್ ಹಾಕಿಸಿದ್ದರಾ? ಅದರ ವೇಸ್ಟ್ ನೀರಿನ ಸಣ್ಣ ಪೈಪ್ ಸಿಂಕ್ ಪೈಪಿನಿಂದ ಕಳಚಿ ಒಳಗೇ ತೊಟ್ಟಿಕ್ಕುತ್ತಿರುತ್ತದೆ, ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿದ್ದರೆ ಅವರದೇ ಜವಾಬ್ದಾರಿ.

ಇನ್ನು ಗ್ರಾನೈಟ್. ಬಿರುಕು ಎಲ್ಲಿದೆ? ಸಿಂಕ್‌ಗೆ ಕೊರೆದ ಜಾಗದ ಮುಂದೆ ನಾಲ್ಕು ಬೆರಳು ಅಗಲದ ಪಟ್ಟಿ ಇರುತ್ತದಲ್ಲ, ಅಲ್ಲಿದ್ದರೆ ಕಾಯಿ ಒಡೆದಿದ್ದಾರೆ ಅಂತಲೇ ಅರ್ಥ. ನನ್ನ ಮೂರು ಮನೆಯಲ್ಲಿ ಎರಡರಲ್ಲಿ ಅಲ್ಲೇ ಒಡೆದಿದೆ. ಈಗ ಮನೆ ಕೊಡುವಾಗಲೇ ಒಂದು ಸಣ್ಣ ಒರಳುಕಲ್ಲು ಸಿಂಕ್ ಪಕ್ಕ ಇಟ್ಟು, "ಅಮ್ಮಾ, ಕಾಯಿ ಇದರ ಮೇಲೆ ಒಡೀರಿ" ಅಂತ ಹೇಳಿಬಿಡುತ್ತೇನೆ. ನಗಬೇಡಿ, ಕೆಲಸ ಮಾಡುತ್ತದೆ.

ಬಾಡಿಗೆ ಮನೆ ಗೀತಾ

ನಾನು 14 ವರ್ಷದಿಂದ ಬಾಡಿಗೆಗೇ ಇರುವವಳು, ಐದು ಮನೆ ಬದಲಾಯಿಸಿದ್ದೇನೆ. ಆ ಕಡೆಯ ಮಾತೂ ಸ್ವಲ್ಪ ಕೇಳಿ ಸರ್.

ಬಾತ್‌ರೂಮ್ ಸೋರಿಕೆ ಒಂದೇ ದಿನಕ್ಕೆ ಚಾಪೆಯಷ್ಟು ಆಗುವುದಿಲ್ಲ. ಅವರು ನಿಮಗೆ ಮೊದಲೇ ಹೇಳಿರಲಿಲ್ಲವಾ? ನಿಮ್ಮ ವಾಟ್ಸಾಪ್ ಒಂದು ಸಲ ಹಿಂದಕ್ಕೆ ಹೋಗಿ ನೋಡಿ. ಕೆಳಮನೆಯವರೂ ಹೇಳಿಯೇ ಇರುತ್ತಾರೆ. ನಮ್ಮ ಹಿಂದಿನ ಓನರ್‌ಗೆ ಟ್ಯಾಂಕ್ ಬಾಲ್‌ಕಾಕ್ ಕೆಟ್ಟಿದೆ ಅಂತ ನಾನು ಏಳು ಸಲ ಮೆಸೇಜ್ ಹಾಕಿದ್ದೆ. ಎರಡು ನೀಲಿ ಟಿಕ್ ಬರುತ್ತಿತ್ತು, ಪ್ಲಂಬರ್ ಬರಲಿಲ್ಲ. ಖಾಲಿ ಮಾಡುವ ದಿನ ಮಾತ್ರ ಟಾರ್ಚ್ ಹಿಡಿದು ಬಂದು ಗೋಡೆ ಗೋಡೆ ತಟ್ಟಿ ನೋಡಿ "ಇದು ನೀವು ಬಂದಾಗ ಇರಲಿಲ್ಲ" ಅಂದರು. ಇತ್ತು. ನನ್ನ ಹತ್ತಿರ ಮೊದಲ ದಿನದ ವೀಡಿಯೊ ಇತ್ತು, ಸಾಮಾನು ಇಳಿಸುವ ಮೊದಲೇ ಬಾಗಿಲಿನಿಂದ ಬಚ್ಚಲುಮನೆ ತನಕ ನಡೆದುಕೊಂಡೇ ತೆಗೆದದ್ದು. ಅದನ್ನು ತೋರಿಸಿದ ಮೇಲೆ ಟಾರ್ಚ್ ಆಫ್ ಆಯಿತು.

ನಿಮ್ಮ ಹತ್ತಿರ ಅಂಥದ್ದು ಇದೆಯಾ? ಅವರು ಮನೆಗೆ ಬಂದ ದಿನದ ಫೋಟೋ? ಇಲ್ಲದಿದ್ದರೆ "ಬಿರುಕು ಮೊದಲೇ ಇತ್ತು" ಅಂತ ಅವರು ಅಂದರೆ ನೀವೇನು ಹೇಳುತ್ತೀರಿ?

ಇನ್ನೊಂದು ಮಾತು. ಹೊಸ ಮನೆಗೆ ಅಡ್ವಾನ್ಸ್ ಕಟ್ಟುವಾಗ ಹಳೇ ಮನೆ ಅಡ್ವಾನ್ಸ್ ಇನ್ನೂ ಕೈಗೆ ಬಂದಿರುವುದಿಲ್ಲ. ಆ ಸಂಕಟ ಓನರ್‌ಗಳಿಗೆ ಅರ್ಥವಾಗುವುದಿಲ್ಲ. ಜಗಳ ಇಲ್ಲದ ಭಾಗವನ್ನಾದರೂ ಇವತ್ತೇ ಹಾಕಿ, ಉಳಿದದ್ದನ್ನು ಆಮೇಲೆ ಕೂತು ಮಾತಾಡಿ.

ಹಾಸನದವ

ಗೀತಾ ಮೇಡಂ, ನೀವು ಹೇಳಿದ ಮೇಲೆ ವಾಟ್ಸಾಪ್ ನೋಡಿದೆ. ನಾಚಿಕೆ ಆಯಿತು. ಒಂದೂವರೆ ವರ್ಷದ ಹಿಂದೆ ಬಾತ್‌ರೂಮ್ ನೆಲದ ಫೋಟೋ ಕಳಿಸಿ "ಅಂಕಲ್, ಟೈಲ್ಸ್ ಮಧ್ಯೆ ಸಿಮೆಂಟ್ ಹೋಗ್ತಿದೆ, ಯಾರನ್ನಾದ್ರೂ ಕಳಿಸ್ತೀರಾ" ಅಂತ ಕೇಳಿದ್ದಾರೆ. ನಾನು "ಬೆಂಗಳೂರಿಗೆ ಬಂದಾಗ ನೋಡೋಣ" ಅಂತ ಹಾಕಿದ್ದೇನೆ. ನೋಡಲಿಲ್ಲ.

ಮೊದಲ ದಿನದ ಫೋಟೋ ಇಲ್ಲ. ಅಗ್ರಿಮೆಂಟ್ ಕೊನೇ ಪುಟದಲ್ಲಿ ಬ್ರೋಕರ್ ಬರೆಸಿದ ಪಟ್ಟಿ ಇದೆ: ಫ್ಯಾನ್ 5, ಟ್ಯೂಬ್‌ಲೈಟ್ 8, ಗೀಜರ್ 1, ಬೀಗದ ಕೈ 3. ಅಷ್ಟೇ.

ಮೂರು ಮನೆ ಮಾಲೀಕರೇ, ಬಿರುಕು ನೀವು ಹೇಳಿದ ಜಾಗದಲ್ಲೇ ಇದೆ! ವಾಟರ್ ಫಿಲ್ಟರ್ ಇತ್ತು, ಅದೂ ಸರಿ.

ನಲ್ಲಿ ರಿಪೇರಿ

ನಾನು ಪ್ಲಂಬಿಂಗ್, ಸ್ಯಾನಿಟರಿ ಕೆಲಸದವನು. 65,000ಕ್ಕೆ ಟೈಲ್ಸ್ ಕೀಳಿಸುವ ಮೊದಲು ಇದನ್ನು ಓದಿ ಸರ್. ನೀರು ಎಲ್ಲಿಂದ ಬರ್ತಿದೆ ಅಂತಲೇ ಗೊತ್ತಿಲ್ಲದೆ ನೆಲ ಒಡೆಯುವವರು ತುಂಬಾ ಜನ. ಒಡೆದು, ಹೊಸ ಟೈಲ್ಸ್ ಹಾಕಿ, ಆರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಒದ್ದೆ. ಆಗ ಓನರ್ ನಮ್ಮನ್ನು ಬೈತಾರೆ.

ಮನೆ ಖಾಲಿ ಇರುವಾಗಲೇ ನೋಡಿ, ಇಂಥ ಅವಕಾಶ ಮತ್ತೆ ಸಿಗಲ್ಲ. ಮೊದಲ ರಾತ್ರಿ, ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿ ಗಟ್ಟಿಯಾಗಿ ನಿಲ್ಲಿಸಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಎರಡು ಮನೆಗೂ ಒಂದೇ ಟ್ಯಾಂಕ್ ಆದರೆ ಕೆಳಮನೆ ವಾಲ್ವ್ ಒಂದು ರಾತ್ರಿ ಬಂದ್ ಮಾಡಿ, ಅವರಿಗೆ ಮೊದಲೇ ಹೇಳಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಗೋಡೆಯೊಳಗಿನ ಪೈಪ್ ಸೋರ್ತಿದೆ. ಇಳಿದಿಲ್ಲ ಅಂದರೆ ಪೈಪ್ ಒಳ್ಳೇದಿದೆ, ನೆಲದ ಕಡೆ ಬನ್ನಿ.

ಬಾತ್‌ರೂಮ್‌ನ ನಹಾನಿ ಟ್ರ್ಯಾಪ್, ಅಂದರೆ ನೆಲದಲ್ಲಿ ನೀರು ಹೋಗುವ ಜಾಗ, ಅದಕ್ಕೆ ಹಳೇ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಗಟ್ಟಿಯಾಗಿ ತುರುಕಿ. ಬಾಗಿಲ ಹತ್ತಿರ ಹೊಸ್ತಿಲು ಇಲ್ಲದಿದ್ದರೆ ಸ್ವಲ್ಪ ಸಿಮೆಂಟ್‌ನಲ್ಲಿ ಸಣ್ಣ ಕಟ್ಟೆ ಕಟ್ಟಿ. ಎರಡು ಇಂಚು ನೀರು ನಿಲ್ಲಿಸಿ, ಅದರಲ್ಲಿ ಬಟ್ಟೆಗೆ ಹಾಕುವ ನೀಲಿ ಅರ್ಧ ಬಾಟಲಿ ಸುರೀರಿ. ಗೋಡೆ ಟೈಲ್ಸ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. 24 ಗಂಟೆ ಬಿಡಿ. ನೀರು ಇಳಿದು, ಕೆಳಗೆ ನೀಲಿ ಕಂಡರೆ ನೆಲದಿಂದಲೋ ಟ್ರ್ಯಾಪ್ ಸುತ್ತಲಿನ ಜಾಯಿಂಟ್‌ನಿಂದಲೋ ಇಳೀತಿದೆ. ನೀರು ಇಳಿದೇ ಇಲ್ಲ ಅಂದರೆ ಕಮೋಡ್ ಪೈಪಿನ ಜಾಯಿಂಟ್ ನೋಡಬೇಕು, ಅದಕ್ಕೆ ನೆಲ ಒಡೆಯೋದೇ ಬೇಡ.

ಕಾರಣ ಏನು ಅಂತಲೂ ಹೇಳ್ತೀನಿ, ಆ ಏರಿಯಾದಲ್ಲಿ ದಿನಾ ನೋಡ್ತಿರ್ತೀನಿ. ಬೋರ್ ನೀರು. ಟೈಲ್ಸ್ ಮೇಲೆ ಬಿಳಿ ಉಪ್ಪು ಕಟ್ಟುತ್ತೆ, ಅದು ಸೋಪಿಗೆ ಹೋಗಲ್ಲ, ಜನ ಆಸಿಡ್ ತಂದು ಸುರೀತಾರೆ. ಬುಸ್ ಅಂತ ನೊರೆ ಬಂದು ಟೈಲ್ಸ್ ಪಳಪಳ ಅನ್ನುತ್ತೆ. ಆದರೆ ಆ ನೊರೆಯಲ್ಲಿ ಉಪ್ಪು ಮಾತ್ರ ಅಲ್ಲ, ಟೈಲ್ಸ್ ಮಧ್ಯದ ಸಿಮೆಂಟೂ ಕರಗಿ ಹೋಗ್ತಿರುತ್ತೆ. ನಲ್ಲಿ ಮೇಲಿನ ಹೊಳಪೂ ಹೋಗುತ್ತೆ. ಒಂದೆರಡು ವರ್ಷ ಹೀಗೆ ತೊಳೆದರೆ ಸಂದಿಗಳೆಲ್ಲ ಬಾಯಿ ಬಿಡುತ್ತವೆ. ಇದು ಬಾಡಿಗೆಯವರ ತಪ್ಪಾ? ಸ್ವಂತ ಮನೆಯವರೂ ಇದನ್ನೇ ಮಾಡ್ತಾರೆ. ನಮ್ಮಮ್ಮನೂ ಮಾಡ್ತಾರೆ, ಹೇಳಿ ಹೇಳಿ ಸಾಕಾಗಿದೆ.

ಬಾಗಿಲು ಕೊಳೆತದ್ದು ಬಿಟ್ಟುಬಿಡಿ. ಬಚ್ಚಲಿಗೆ ಮರದ ಬಾಗಿಲು ಹಾಕಿಸಿದರೆ 10 ವರ್ಷದಲ್ಲಿ ಕೆಳಗೆ ಕೊಳೆಯುವುದೇ. ಈ ಸಲ ಪಿವಿಸಿ ಹಾಕಿಸಿ.

ಕಾಟನ್‌ಪೇಟೆ ಕಿಟ್ಟಿ

ಅಷ್ಟೆಲ್ಲ ತಲೆ ಯಾಕೆ ಕೆಡಿಸ್ಕೊಳ್ತೀರೋ ಗೊತ್ತಾಗಲ್ಲ. ಅಗ್ರಿಮೆಂಟ್‌ನಲ್ಲಿ ಹಾನಿ ಅವರೇ ಭರಿಸಬೇಕು ಅಂತ ಸೈನ್ ಹಾಕಿದ್ದಾರೆ. ಮುಗೀತು.

ಹಳೇ ಗುಮಾಸ್ತ

ಮುಗಿಯಲಿಲ್ಲ ಕಿಟ್ಟಿಯವರೇ. ನಾನು ವಕೀಲನಲ್ಲ, ಆದರೆ ವಕೀಲರ ಆಫೀಸಿನಲ್ಲಿ 22 ವರ್ಷ ಫೈಲ್ ಹೊತ್ತವನು. ಅಡ್ವಾನ್ಸ್ ಜಗಳದ ಫೈಲ್‌ಗಳು ಹೆಚ್ಚುಕಮ್ಮಿ ಎಲ್ಲ ಒಂದೇ ಥರ ಇರುತ್ತವೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆ ತಿಂಗಳಿಗೆ 3,500 ದಾಟಿದರೆ ಆ ಮನೆಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ಜಗಳ ಬಂದು ನಿಲ್ಲುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಹತ್ತಿರ. ಅದರ 108ನೇ ಕಲಮಿನಲ್ಲಿ ಓನರ್ ಏನು ಮಾಡಬೇಕು, ಬಾಡಿಗೆಯವರು ಏನು ಮಾಡಬೇಕು ಎಲ್ಲ ಇದೆ. ಅಗ್ರಿಮೆಂಟ್‌ನಲ್ಲಿ ಬೇರೆ ಥರ ಬರೆದಿರದಿದ್ದರೆ ಅದೇ ಲೆಕ್ಕ. ಮನೆ ತಗೊಂಡಾಗ ಹೇಗಿತ್ತೋ ಹಾಗೇ ವಾಪಸ್ ಕೊಡಬೇಕು ಅನ್ನುತ್ತದೆ, ಸರಿ. ಆದರೆ ಅದೇ ಸಾಲಿನಲ್ಲಿ, ಸಹಜವಾಗಿ ಬಳಸಿ ಸವೆದದ್ದನ್ನು ಬಿಟ್ಟು, ಅಂತಲೂ ಇದೆ. ಬಾಡಿಗೆಯವರಿಂದಲೇ ಕೆಟ್ಟದ್ದಾದರೆ ಓನರ್ ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಅವರು ಸರಿಮಾಡಿಸಬೇಕು. ತಿರುಗಿಸಿ ನೋಡಿದರೆ, ಓನರ್ ಮಾಡಿಸಬೇಕಾದ ರಿಪೇರಿಯನ್ನು ಹೇಳಿದ ಮೇಲೂ ಮಾಡಿಸದಿದ್ದರೆ ಬಾಡಿಗೆಯವರೇ ಮಾಡಿಸಿ ಆ ದುಡ್ಡನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನಿಮ್ಮ ಬಾಡಿಗೆಯವರು ಪಾಪ ಅದನ್ನೂ ಮಾಡಿಲ್ಲ, ಫೋಟೋ ಕಳಿಸಿ ಸುಮ್ಮನಿದ್ದರು. ಆ ವಾಟ್ಸಾಪ್ ಮೆಸೇಜ್ ಕೋರ್ಟಿಗೆ ಹೋದರೆ ಬಾತ್‌ರೂಮ್ 65,000 ನಿಮ್ಮ ಕಡೆ ನಿಲ್ಲುವುದು ಕಷ್ಟ.

"ಸೈನ್ ಹಾಕಿದ್ದಾರೆ" ಅನ್ನುವ ವಿಷಯ. ಕರಾರು ಕಾಯ್ದೆ 1872ರ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಆ ಬರೆದ ಮೊತ್ತ ಮೇಲಿನ ಮಿತಿ ಅಷ್ಟೇ. ನಿಮ್ಮದರಲ್ಲಿ ಮೊತ್ತವೂ ಇಲ್ಲ. ಬಿಲ್ ಇಲ್ಲದೆ, ಕಂಟ್ರಾಕ್ಟರ್ ಪೆನ್ನಲ್ಲಿ ಗೀಚಿದ ಚೀಟಿ ಹಿಡಿದು ಹೋದರೆ ಎದುರು ವಕೀಲರು ಮೊದಲು ಕೇಳುವುದೇ "ಕೆಲಸ ಮಾಡಿಸಿದ್ರಾ, ರಸೀದಿ ಎಲ್ಲಿ?" ಅಂತ. ಇನ್ನು ಎರಡು ತಿಂಗಳು ಓಡಾಡಿ ಸುಮ್ಮನಾಗುತ್ತಾರೆ ಅಂದಿರಿ. ಅವರಿಗೆ ದಾವೆ ಹಾಕಲು ಮೂರು ವರ್ಷ ಟೈಮ್ ಇದೆ.

ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ ಅಂತ ಯಾರಾದರೂ ಹೆದರಿಸಿದರೆ, ಅದು ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ಹೆಸರೇ ಮಾದರಿ. ರಾಜ್ಯ ತನ್ನದಾಗಿ ಮಾಡಿಕೊಂಡ ಕಡೆ ಮಾತ್ರ ಜಾರಿ.

ನನ್ನ ಸಲಹೆ ಇಷ್ಟು. ಅವರನ್ನು ಮನೆಗೇ ಕರೆಯಿರಿ. ಫೋನ್‌ನಲ್ಲಿ ಮಾತಾಡಬೇಡಿ. ಒಂದೊಂದೇ ಜಾಗದ ಮುಂದೆ ನಿಂತು ಒಂದೊಂದೇ ಅಂಕಿ ಬರೆಯಿರಿ. ಕೊನೆಗೆ ಇಬ್ಬರೂ ಸೈನ್ ಹಾಕಿ, "ಇನ್ನು ಯಾವ ಬಾಕಿಯೂ ಇಲ್ಲ" ಅಂತ ಒಂದು ಸಾಲು ಸೇರಿಸಿ, ದುಡ್ಡು ಬ್ಯಾಂಕ್ ಮೂಲಕವೇ ಹಾಕಿ.

ಮೂರು ಮನೆ ಮಾಲೀಕ

ಗುಮಾಸ್ತರ ಮಾತಿಗೆ ಎರಡು ಸೇರಿಸುತ್ತೇನೆ. ಒಂದು, ರಿಪೇರಿ ಬಿಲ್ ತೋರಿಸಿ ಟ್ಯಾಕ್ಸ್‌ನಲ್ಲಿ ಕಳೆಯಬಹುದು ಅಂದುಕೊಂಡಿದ್ದರೆ ಅದು ಆಗುವುದಿಲ್ಲ. ಬಾಡಿಗೆ ಆದಾಯದಲ್ಲಿ ಮುನಿಸಿಪಲ್ ತೆರಿಗೆ ಕಳೆದ ಮೇಲೆ ನೇರವಾಗಿ 30% ಬಿಡುತ್ತಾರೆ, ರಿಪೇರಿಗೆ ಒಂದು ರೂಪಾಯಿ ಖರ್ಚಾಗಲಿ, ಲಕ್ಷ ಖರ್ಚಾಗಲಿ ಅದರಲ್ಲೇ ಬಂತು. ಎರಡು, ಮನೆಗೊಂದು ವಿಮೆ ಮಾಡಿಸಿ. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಅಂತ ಒಂದೇ ಥರದ ಪಾಲಿಸಿ ಬಂದಿದೆ. ಬೆಂಕಿ, ಪ್ರವಾಹ, ಪೈಪ್ ಒಡೆದು ಅಥವಾ ಟ್ಯಾಂಕ್ ಉಕ್ಕಿ ಆದ ಹಾನಿ, ಇವೆಲ್ಲ ಅದರಲ್ಲಿವೆ. ನಿಮ್ಮ ಬಾತ್‌ರೂಮ್ ಥರ ವರ್ಷಗಟ್ಟಲೆ ಜಿನುಗಿದ್ದಕ್ಕೆ ಆಗಿಬರಲ್ಲ, ಅದಕ್ಕೆ ನೀವು ಹಾಸನದಿಂದ ಬಸ್ ಹತ್ತಿ ಬರುವುದೊಂದೇ ವಿಮೆ.

ಹಾಸನದವ

ಎಲ್ಲರಿಗೂ ಥ್ಯಾಂಕ್ಸ್. 16 ದಿನ ಆದ ಮೇಲೆ ಬರೆಯುತ್ತಿದ್ದೇನೆ, ಏನಾಯಿತು ಅಂತ ಹೇಳದೆ ಹೋದರೆ ಸರಿ ಇರುವುದಿಲ್ಲ.

ಗೀತಾ ಮೇಡಂ ಹೇಳಿದ ಹಾಗೆ ಅವತ್ತೇ 60,000 ಹಾಕಿದೆ. ಫೋನ್ ಬರುವುದು ನಿಂತಿತು. ಆಮೇಲೆ ಶನಿವಾರ ಬೆಂಗಳೂರಿಗೆ ಬಂದು ಟ್ಯಾಂಕ್ ಪರೀಕ್ಷೆ ಮಾಡಿದೆ. ಮಟ್ಟ ಇಳಿದಿರಲಿಲ್ಲ. ಭಾನುವಾರ ಬೆಳಗ್ಗೆ ನೀಲಿ ನೀರು ನಿಲ್ಲಿಸಿ ಪೆನ್ಸಿಲ್ ಗೆರೆ ಹಾಕಿದೆ. ಸೋಮವಾರ ಬೆಳಗ್ಗೆ ನೋಡಿದರೆ ಗೆರೆಯಿಂದ ಒಂದು ಬೆರಳು ಕೆಳಗಿತ್ತು. ಅಷ್ಟರಲ್ಲಿ ಕೆಳಮನೆ ಅಜ್ಜಿ ಮೆಟ್ಟಿಲ ಹತ್ತಿರ ನಿಂತು ಕೂಗುತ್ತಿದ್ದರು, "ಏನಪ್ಪಾ, ಮೇಲಿಂದ ಇಂಕು ಸೋರ್ತಿದೆ!" ಅಂತ. ಹೋಗಿ ನೋಡಿದೆ. ಸರಿಯಾಗಿ ನಹಾನಿ ಟ್ರ್ಯಾಪ್ ಕೆಳಗೆ, ಅಂಗೈಯಷ್ಟು ಜಾಗ ನೀಲಿ. ಚಾಪೆಯಷ್ಟು ಒದ್ದೆ ಇದ್ದರೂ ಇಳಿಯುತ್ತಿದ್ದದ್ದು ಅಲ್ಲಿಂದ ಮಾತ್ರ.

ಬೇರೆ ಮೇಸ್ತ್ರಿಯನ್ನು ಕರೆಸಿ ಟ್ರ್ಯಾಪ್ ಸುತ್ತ ನಾಲ್ಕು ಟೈಲ್ಸ್ ಮಾತ್ರ ಒಡೆಸಿದೆ. ಪೈಪ್ ಮತ್ತು ಟ್ರ್ಯಾಪ್ ಸೇರುವ ಕಡೆ ಸಿಮೆಂಟ್ ಪುಡಿಪುಡಿಯಾಗಿತ್ತು, ಅಪ್ಪ ಕಟ್ಟಿಸಿದಾಗಿನದ್ದು. ಅದನ್ನು ಸರಿಮಾಡಿ, ಉಳಿದ ಸಂದಿಗಳಿಗೆಲ್ಲ ಎಪಾಕ್ಸಿ ತುಂಬಿಸಿದ್ದಕ್ಕೆ ಎಲ್ಲ ಸೇರಿ 9,500 ಆಯಿತು. ಮತ್ತೆ 24 ಗಂಟೆ ನೀರು ನಿಲ್ಲಿಸಿದೆ, ಗೆರೆ ಅಲ್ಲೇ ಇತ್ತು. ಇದನ್ನು ನಾನೇ ಹಾಕಿಕೊಂಡೆ. ಬಾಗಿಲೂ ನನ್ನದೇ, ಪಿವಿಸಿ.

ಅವರನ್ನು ಮುಂದಿನ ಭಾನುವಾರ ಮನೆಗೆ ಕರೆದೆ. ಗ್ರಾನೈಟ್ ಹತ್ತಿರ ಬಂದಾಗ ನಾನು ಬಾಯಿ ತೆಗೆಯುವ ಮೊದಲೇ ಆ ಹುಡುಗಿ "ವರಮಹಾಲಕ್ಷ್ಮಿ ಹಬ್ಬದ ದಿನ ಕಾಯಿ ಒಡೆಯುವಾಗ ಆಗಿದ್ದು ಅಂಕಲ್, ಹೇಳೋಕೆ ಭಯ ಆಯ್ತು" ಅಂದಳು. ಅದಕ್ಕೆ 4,500 ಬರೆದೆವು. ಉಬ್ಬಿದ ಎರಡು ಬಾಗಿಲಿಗೆ 6,000. ಪೇಂಟಿಂಗ್ 18,000. ಕೊನೇ ಕರೆಂಟ್ ಬಿಲ್ 1,140. ಒಟ್ಟು 29,640. ಮೊದಲು ಹಾಕಿದ 60,000 ಬಿಟ್ಟು ಉಳಿದ 30,360 ಅಲ್ಲೇ ಕೂತು ಫೋನ್‌ನಿಂದ ಕಳಿಸಿದೆ, ಇಬ್ಬರೂ ಸೈನ್ ಹಾಕಿದೆವು.

ಮುಂದಿನ ವಾರ ಹೊಸಬರು ಬರುತ್ತಾರೆ. ವೀಡಿಯೊ ತೆಗೆದಿಟ್ಟಿದ್ದೇನೆ, ನಲ್ಲಿ ತಿರುಗಿಸಿ, ಸಿಂಕ್ ಕೆಳಗೆ ಬಗ್ಗಿ, ಎಲ್ಲ. ಊರಿಂದ ಒರಳುಕಲ್ಲೂ ತಂದೆ. ಕೆಳಮನೆ ಸೀಲಿಂಗ್ ಇನ್ನೂ ಒಣಗಬೇಕು, ಆಮೇಲೆ ಬಣ್ಣ ಹೊಡೆಸಬೇಕು. ಎರಡು ಸಲ ತೊಳೆಸಿದರೂ ಆ ನೀಲಿ ಹೋಗುತ್ತಿಲ್ಲ. ನಲ್ಲಿ ರಿಪೇರಿಯವರೇ, ಇದಕ್ಕೇನಾದರೂ ಉಪಾಯ ಇದೆಯಾ? ಅಜ್ಜಿ ದಿನಾ ಕೇಳುತ್ತಿದ್ದಾರೆ.

ನಲ್ಲಿ ರಿಪೇರಿ

ಅರ್ಧ ಬಾಟಲಿ ಅಂದಿದ್ದೆ ಸರ್. ನೀವು ಪೂರ್ತಿ ಸುರಿದಿದ್ದೀರಿ ಅನ್ಸುತ್ತೆ. ಚೆನ್ನಾಗಿ ಒಣಗಲಿ, ಆಮೇಲೆ ಎರಡು ಕೋಟ್ ಪ್ರೈಮರ್.